ಅಟ್ಟದ ಪಾತ್ರೆ, ಟ್ರಂಕಿನ ಕಾಗದ: ಯಾವುದನ್ನು ಉಳಿಸಿಕೊಳ್ಳಬೇಕು?

ಪ್ರಶ್ನೆ: ಮೈಸೂರಿನ ನಮ್ಮ ಹಳೆಯ ಮನೆಯ ಅಟ್ಟದಲ್ಲಿ ಅಜ್ಜಿಯ ಕಾಲದ ಹಿತ್ತಾಳೆ ಪಾತ್ರೆಗಳೂ ತಾಮ್ರದ ಹಂಡೆಗಳೂ ಟ್ರಂಕಿನ ತುಂಬ ಕಾಗದಪತ್ರಗಳೂ ಇದ್ದು, ಅಮ್ಮ ಯಾವುದನ್ನೂ ಬಿಡಲು ಒಪ್ಪುತ್ತಿಲ್ಲ. ಎಲ್ಲಿಂದ ಆರಂಭಿಸಲಿ?

ಉತ್ತರ 1: ಕಾಗದಗಳಿಂದ ಆರಂಭಿಸಿ. ನೋಂದಾಯಿತ ಕ್ರಯಪತ್ರ, ವಿಭಾಗಪತ್ರಗಳ ದೃಢೀಕೃತ ನಕಲು ಉಪನೋಂದಣಾಧಿಕಾರಿಗಳ ಕಚೇರಿಯಲ್ಲಿ ದೊರೆಯುತ್ತದೆಯಾದರೂ, ಸಾಲ ಕೊಡುವ ಬ್ಯಾಂಕುಗಳು ಸಾಮಾನ್ಯವಾಗಿ ಮೂಲಪತ್ರವನ್ನೇ ಕೇಳುವುದರಿಂದ, ಅವು ಹಳೆಯ ಕರೆಂಟು ಬಿಲ್ಲುಗಳ ಜೊತೆ ರದ್ದಿಗೆ ಸೇರದಂತೆ ಪ್ರತಿ ಹಾಳೆಯನ್ನೂ ಬಿಡಿಸಿ ನೋಡಿ.

ಉತ್ತರ 2: ಹಿತ್ತಾಳೆ ಪಾತ್ರೆಗೆ ಕಲಾಯಿ ಹಾಕಿಸಿದರೆ ಹುಳಿ, ಸಾರು ಮಾಡಬಹುದು. ಹಂಡೆಗಳನ್ನು ತೂಕಕ್ಕೆ ಹಾಕುವ ಮೊದಲು ನೆಂಟರನ್ನು ವಿಚಾರಿಸಿ. ಮಾರಿದ ಮೇಲೆ ‘ನನಗೆ ಬೇಕಿತ್ತು’ ಎನ್ನುವ ಸೋದರತ್ತೆ ಎಲ್ಲ ಮನೆಗಳಲ್ಲೂ ಇರುತ್ತಾರೆ.

ಉತ್ತರ 3: ಅಮ್ಮನವರು ಊರಿಗೆ ಹೋದಾಗ ಮಾತ್ರ ಈ ಕೆಲಸಕ್ಕೆ ಕೈ ಹಾಕಬೇಡಿ.