ಈ ವಾರದ ಸಮಸ್ಯೆ: ‘ಕದ ಮುಚ್ಚಿದೊಡನೆಯೇ ಬೆಳಕು ಹರಿದಿತ್ತು’

ಸಮಸ್ಯೆ ಕೊಟ್ಟವರು:
ವಸ್ತು, ಜಾಗತಿಕ ಸಂಸ್ಥೆಗಳ ಪಾರದರ್ಶಕತೆ. ಪಂಚಮಾತ್ರಾ ಚೌಪದಿ (ಐದೈದು ಮಾತ್ರೆಯ ಗಣಗಳ ನಾಲ್ಕು ಸಾಲು), ಆದಿಪ್ರಾಸ ‘ದ’ (ಪ್ರತಿ ಸಾಲಿನ ಎರಡನೇ ಅಕ್ಷರ). ಕದ ಮುಚ್ಚಿದರೆ ಕತ್ತಲಾಗಬೇಕು ಅಲ್ವಾ? ಬೆಳಕು ಹೇಗೆ ಬಂತು, ಈ ಸಾಲು ಕೊನೆಗೆ ಬರುವಂತೆ ಮೊದಲ ಮೂರು ಸಾಲು ಬರೆದು (ಅದೇ ಪೂರಣ) ನೀವೇ ಬಿಡಿಸಿ.

ಪೂರಣ 1
ಹದಿನೈದು ದೇಶಗಳ ಗುಟ್ಟು ಚೀಟಿಯ ಲೆಕ್ಕ
ಅದುಮಿಟ್ಟ ಸುದ್ದಿಯೇ ಹೊರಗೆ ಬಂದಿತ್ತು
ಮೊದಲಾರು ಕೊನೆಯಾರು ಎಂದು ಬಲ್ಲದು ಲೋಕ
ಕದ ಮುಚ್ಚಿದೊಡನೆಯೇ ಬೆಳಕು ಹರಿದಿತ್ತು

ಇದು 2016ರ ಮಾತು. ವಿಶ್ವಸಂಸ್ಥೆಯ ಮಹಾ ಕಾರ್ಯದರ್ಶಿ ಹುದ್ದೆಗೆ ನಿಂತವರನ್ನು ಮೊದಲ ಸಲ ಎಲ್ಲ ಸದಸ್ಯ ದೇಶಗಳ ಮಹಾಸಭೆಯಲ್ಲಿ ಎಲ್ಲರೆದುರು ಪ್ರಶ್ನಿಸಿದರು. ಆದರೆ ಹದಿನೈದು ದೇಶಗಳ ಭದ್ರತಾ ಮಂಡಳಿ ಒಲವು ನೋಡುವ ಮತದಾನ ನಡೆಸಿದ್ದು ಮುಚ್ಚಿದ ಕೋಣೆಯಲ್ಲೇ. ಲೆಕ್ಕ ಮಾತ್ರ ಬೇಗನೆ ಪತ್ರಕರ್ತರ ಕೈ ಸೇರುತ್ತಿತ್ತು.

ಸಮಸ್ಯೆ ಕೊಟ್ಟವರು:
ಪ್ರಾಸ ಚೆನ್ನಾಗಿ ಕೂತಿದೆ ಸರ್. ಆದರೆ ಸೋರಿಕೆಯನ್ನು ಬೆಳಕು ಎನ್ನಲು ನನ್ನ ಮನಸ್ಸು ಒಪ್ಪುವುದಿಲ್ಲ. ಹೊರಬಂದದ್ದು ಬರೀ ಎಣಿಕೆ. ಯಾವ ದೇಶ ಯಾರನ್ನು ತಡೆಯಿತು ಎಂಬುದು ಆ ಎಣಿಕೆಯಲ್ಲಿ ಇರಲಿಲ್ಲ. ಜನರಿಗೆ ತಿಳಿಯಬೇಕಾದ್ದು ಅದೇ ಅಲ್ವಾ? ಯಾರದೋ ದಯೆಯಿಂದ ಸುದ್ದಿ ಸಿಗಬಾರದು, ನಿಯಮದಿಂದ ಸಿಗಬೇಕು.

ಪೂರಣ 2
ಇದು ಬೇಡವೆಂದೊಬ್ಬ ವೀಟೊ ಹಾಕಿದ ಮೇಲೆ
ಅದರ ಕಾರಣ ಕೇಳೆ ಸಭೆಯು ಸೇರಿತ್ತು
ಕೆದಕಿತದು ಹತ್ತು ದಿನದೊಳಗೆ ಜಗದೆದುರಲ್ಲಿ
ಕದ ಮುಚ್ಚಿದೊಡನೆಯೇ ಬೆಳಕು ಹರಿದಿತ್ತು

ನೀವು ಕೇಳಿದ ನಿಯಮ ಇಲ್ಲಿದೆ ನೋಡಿ ಮೇಡಂ. ವೀಟೊ ಎಂದರೆ ಭದ್ರತಾ ಮಂಡಳಿಯ ಐದು ಕಾಯಂ ದೇಶಗಳಲ್ಲಿ ಒಂದೇ ಬೇಡವೆಂದರೂ ನಿರ್ಣಯ ಬೀಳಿಸುವ ಅಧಿಕಾರ. ಪುಟ್ಟ ದೇಶ ಲಿಕ್ಟನ್‌ಸ್ಟೈನ್ ಮುಂದಾಳಾಗಿ ತಂದ ನಿರ್ಣಯವಿದು. 2022ರ ಏಪ್ರಿಲ್ 26ರಂದು ಮಹಾಸಭೆ ಅದನ್ನು ಮತಕ್ಕೆ ಹಾಕದೆಯೇ ಒಪ್ಪಿತು. ಯಾರೇ ವೀಟೊ ಹಾಕಲಿ, ಕೆಲಸದ ಹತ್ತು ದಿನಗಳೊಳಗೆ ಮಹಾಸಭೆ ಸೇರಿ ಚರ್ಚಿಸಬೇಕು. ವೀಟೊ ಹಾಕಿದವರು ಕಾರಣ ಹೇಳಲೇಬೇಕೆಂಬ ಕಟ್ಟುಪಾಡು ಇಲ್ಲ. ಆ ಕೊರತೆ ನನ್ನನ್ನು ಜಾಸ್ತಿ ಕಾಡುತ್ತದೆ.

ಪೂರಣ 3
ನದಿಯೊಡ್ಡು ಸಾಲವದು ನಡುದಾರಿಯಲಿ ನಿಲ್ಲೆ
ಬದುಕು ಕಳೆದವರು ದೂರಲು ದಾರಿಯಾಯ್ತು
ಹೆದರದೆಯೆ ಕಡತವನು ತೆರೆದು ನೋಡಿತು ತಂಡ
ಕದ ಮುಚ್ಚಿದೊಡನೆಯೇ ಬೆಳಕು ಹರಿದಿತ್ತು

ನರ್ಮದೆಯ ಸರ್ದಾರ್ ಸರೋವರ ಅಣೆಕಟ್ಟಿನ ಕಥೆ. ವಿಶ್ವಬ್ಯಾಂಕೇ ನೇಮಿಸಿದ ಮೋರ್ಸ್ ಸಮಿತಿ 1992ರಲ್ಲಿ ಪುನರ್ವಸತಿಯ ಲೋಪಗಳನ್ನು ಬರೆದಿಟ್ಟಿತು. ಮರುವರ್ಷ ಮಾರ್ಚ್‌ನಲ್ಲಿ ಭಾರತ ಬ್ಯಾಂಕಿನ ಉಳಿದ ಸಾಲ ಬೇಡವೆಂದಿತು. ಅದೇ ವರ್ಷ ಸೆಪ್ಟೆಂಬರ್‌ನಲ್ಲಿ ಬ್ಯಾಂಕು ತಪಾಸಣಾ ಮಂಡಳಿ ಮಾಡಿತು. ಯೋಜನೆಯಿಂದ ತೊಂದರೆಯಾದವರು ನೇರವಾಗಿ ಅಲ್ಲಿಗೆ ದೂರು ಕೊಡಬಹುದು.

ಸಮಸ್ಯೆ ಕೊಟ್ಟವರು:
ಮೂರನೆಯದು ನನಗೆ ತುಂಬ ಹಿಡಿಸಿತು. ದಾರಿ ತೆರೆಸಿದ್ದು ದಡದ ಜನರ ಹೋರಾಟ. ಆ ಮಾತಿಗೂ ಒಂದು ಸಾಲು ಸಿಗಬೇಕಿತ್ತು, ತಿದ್ದಿ ಕಳಿಸುತ್ತೀರಾ? ಇನ್ನೊಂದು ವಿಷಯ. ಭದ್ರತಾ ಮಂಡಳಿಯ ಕಲಾಪದ ನಿಯಮಗಳಿಗೆ 1946ರಿಂದಲೂ ‘ತಾತ್ಕಾಲಿಕ’ ಎಂಬ ಹೆಸರೇ ಇದೆ. ಅದರ ಮೇಲೆ ಯಾರೂ ಇನ್ನೂ ಬರೆದಿಲ್ಲ. ಭಾನುವಾರದವರೆಗೆ ಸಮಯವಿದೆ.