ಸಹಾಯ ಬೇಕು: ಯಹೂದಿ ಧರ್ಮಾಧ್ಯಯನದಲ್ಲಿ ಅಸೋಸಿಯೇಟ್ ಡಿಗ್ರಿ

ಎಲ್ಲರಿಗೂ ನಮಸ್ಕಾರ. ಊರು ಶಿರಸಿ, ಈಗಿರೋದು ನ್ಯೂಜೆರ್ಸಿ. ಮಕ್ಕಳು ದೊಡ್ಡವರಾದರು, ನನಗೆ ಮತ್ತೆ ಓದೋ ಹುಚ್ಚು. ಪಕ್ಕದ ಮನೆಯ ಅಜ್ಜಿ ಪ್ರತಿ ಶುಕ್ರವಾರ ಸೂರ್ಯಾಸ್ತಕ್ಕೆ 18 ನಿಮಿಷ ಮೊದಲೇ ಶಬ್ಬಾತ್ (ಯಹೂದಿಗಳ ವಾರದ ವಿಶ್ರಾಂತಿ ದಿನ) ದೀಪ ಹಚ್ಚೋದು ನೋಡಿ ಹುಟ್ಟಿದ ಕುತೂಹಲ ಇದು. ಹೀಬ್ರೂವಿನ 22 ಅಕ್ಷರ ಕಲಿತೆ, ಬಲದಿಂದ ಎಡಕ್ಕೆ ಓದೋದೂ ರೂಢಿಯಾಯ್ತು. ಆದರೆ ಸ್ವರಚಿಹ್ನೆ ಇಲ್ಲದ ಪುಟ ಕಂಡರೆ ಕೈಕಾಲೇ ಆಡಲ್ಲ. ನಮ್ಮ ಕಾಗುಣಿತದ ಬೆಲೆ ಈಗ ಗೊತ್ತಾಗ್ತಿದೆ! ಯಹೂದಿ ಧರ್ಮಶಾಸ್ತ್ರದ ಚರ್ಚೆಗಳಿರೋ ಗ್ರಂಥ ತಾಲ್ಮುಡ್ಡಿನ ಬಹುಭಾಗ ಅರಾಮಿಕ್ ಭಾಷೆ, ಅದು ಇನ್ನೊಂದು ಕಥೆ.

ಯೆಶಿವಾಗಳ (ಯಹೂದಿ ಧರ್ಮ ಕಲಿಸೋ ವಿದ್ಯಾಲಯಗಳು) ತಾಲ್ಮುಡ್ ಪದವಿ ಹೆಚ್ಚಾಗಿ ಗಂಡಸರಿಗೇ, ಅದೂ ಚಿಕ್ಕಂದಿನಿಂದ ಓದಿ ಬಂದವರಿಗೆ. ಹಾಗಾಗಿ ಸುಮಾರು 60 ಕ್ರೆಡಿಟ್‌ಗಳ, ಎರಡು ವರ್ಷದ ಅಸೋಸಿಯೇಟ್ ಡಿಗ್ರಿಯೇ (ಬಿ.ಎ.ಗಿಂತ ಒಂದು ಹಂತ ಕೆಳಗಿನ ಕಾಲೇಜು ಪದವಿ) ಸರಿ ಅನ್ನಿಸ್ತು. ತೊಡಕು ಏನಂದ್ರೆ, ಅದರಲ್ಲಿ ಇಂಗ್ಲಿಷ್, ಗಣಿತ, ವಿಜ್ಞಾನವೂ ಕಡ್ಡಾಯ. ನಾನು ಧಾರವಾಡದಲ್ಲಿ ಬಿ.ಕಾಂ. ಎರಡನೇ ವರ್ಷ ಮುಗಿಸಿ ಮದುವೆಯಾಗಿ ಬಿಟ್ಟವಳು. ಆ ಹಳೇ ಅಂಕಪಟ್ಟಿಯನ್ನ ಇಲ್ಲಿ ಮೌಲ್ಯಮಾಪನ ಮಾಡಿಸಿ ಕ್ರೆಡಿಟ್ ಪಡೆದವರು ಯಾರಾದರೂ ಇದ್ದೀರಾ? ಮುಂದೆ ಬಿ.ಎ. ಸೇರಿದರೆ ಹೀಬ್ರೂ ಕ್ರೆಡಿಟ್‌ಗಳು ವರ್ಗಾವಣೆ ಆಗ್ತವಾ?

"ಈ ವಯಸ್ಸಲ್ಲಿ ಯಾಕೆ" ಅನ್ನೋ ಸಲಹೆ ಬೇಡ, ಅದು ಮನೆಯಲ್ಲೇ ಧಾರಾಳವಾಗಿ ಸಿಗ್ತಿದೆ.