ಸಹಾಯ ಬೇಕು: ಅಪರಿಚಿತರ ಕೋಡ್ ಅನ್ನು ನಿಜವಾದ ಬೋರ್ಡಿನ ಮೇಲೆ ಪರೀಕ್ಷಿಸುವುದು ಹೇಗೆ?

ಎಲ್ಲರಿಗೂ ನಮಸ್ಕಾರ. ಮಂಡ್ಯದ ಹತ್ತಿರದ ನಮ್ಮ ಊರಿನಲ್ಲಿ ಕಬ್ಬಿನ ಗದ್ದೆಯ ಪಂಪ್‌ಸೆಟ್ ನಿಯಂತ್ರಿಸುವ ಮುಕ್ತ ತಂತ್ರಾಂಶವನ್ನು ಮೂವರು ಗೆಳೆಯರು ಸೇರಿ ಬರೆಯುತ್ತಿದ್ದೇವೆ. ಅದು ಓಡುವ ಬೋರ್ಡ್ ಇಎಸ್‌ಪಿ32 ಎಂಬ ಪುಟ್ಟ ಮೈಕ್ರೋಕಂಟ್ರೋಲರ್.

ಯಾರು ಬದಲಾವಣೆ ಕಳುಹಿಸಿದರೂ ಗಿಟ್‌ಹಬ್ ಆಕ್ಷನ್ಸ್ (ನಮ್ಮ ಕೋಡ್ ಇರುವ ಗಿಟ್‌ಹಬ್ ತಾಣದ ಸ್ವಯಂಚಾಲಿತ ಪರೀಕ್ಷಾ ಸೇವೆ) ಅದನ್ನು ಸಿಮ್ಯುಲೇಟರ್‌ನಲ್ಲಿ, ಅಂದರೆ ಬೋರ್ಡನ್ನು ಅನುಕರಿಸುವ ತಂತ್ರಾಂಶದಲ್ಲಿ, ಓಡಿಸಿ ನೋಡುತ್ತದೆ. ಅಷ್ಟು ಸಾಲದೆಂದು ಕಳೆದ ತಿಂಗಳು ಗೊತ್ತಾಯಿತು. ಒಬ್ಬರು ರಿಲೇಯನ್ನು (ಪಂಪನ್ನು ಚಾಲೂ-ಬಂದ್ ಮಾಡುವ ವಿದ್ಯುತ್ ಸ್ವಿಚ್) 15ನೇ ಪಿನ್ನಿಗೆ ಬದಲಾಯಿಸಿದ್ದರು. ಸಿಮ್ಯುಲೇಟರ್‌ನಲ್ಲಿ ಎಲ್ಲವೂ ಹಸಿರು. ಆದರೆ ಬೋರ್ಡ್ ಚಾಲೂ ಆಗುವಾಗ ಆ ಪಿನ್ ತಾನಾಗಿಯೇ ಮಿಡಿಯುತ್ತದೆ. ಕರೆಂಟ್ ಹೋಗಿ ಬಂದಾಗಲೆಲ್ಲ ರಿಲೇ ಟಕಟಕ ಎಂದಿತು. ಪುಣ್ಯಕ್ಕೆ ಪಂಪಿನ ಬದಲು ಬಲ್ಬ್ ಜೋಡಿಸಿದ್ದೆವು.

ಹಾಗಾಗಿ ಮನೆಯ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿಗೆ ಬೋರ್ಡ್ ಜೋಡಿಸಿ ಅದನ್ನೇ ಸ್ವಂತ ರನ್ನರ್ (ಗಿಟ್‌ಹಬ್‌ನ ಪರೀಕ್ಷೆಗಳನ್ನು ಓಡಿಸುವ ಯಂತ್ರ) ಮಾಡಿದೆ. ಈಗ ಬೇರೆಯೇ ಭಯ: ರೆಪೊ (ಕೋಡಿನ ಭಂಡಾರ) ಸಾರ್ವಜನಿಕ, ಅಪರಿಚಿತರ ಕೋಡ್ ನನ್ನ ಮನೆಯ ಜಾಲದೊಳಗೆ ಓಡುತ್ತದೆ. ಗಿಟ್‌ಹಬ್ ಕೂಡ ಇದು ಬೇಡವೆಂದೇ ಎಚ್ಚರಿಸುತ್ತದೆ. ಹೊರಗಿನವರೆಲ್ಲರಿಗೂ ಅನುಮತಿ ಕಡ್ಡಾಯ ಮಾಡಿದೆ. ಆದರೆ ಅನುಮತಿ ಕೊಡುವ ಮುನ್ನ ಕೋಡ್ ಓದುವಾಗ ಒಂದು ಸಾಲು ಕಣ್ತಪ್ಪಿದರೂ ಮುಗಿಯಿತು. ಬದಲಾವಣೆಯನ್ನು ವಿಲೀನ ಮಾಡಿದ ನಂತರ ಪರೀಕ್ಷಿಸಿದರೆ ದೋಷ ಕೋಡಿನ ಮುಖ್ಯ ಶಾಖೆಗೆ ಸೇರಿಬಿಟ್ಟಿರುತ್ತದೆ.

ಗಿಟ್‌ಹಬ್‌ನ ಯಂತ್ರದಲ್ಲೇ ಬೈನರಿ (ಬೋರ್ಡಿಗೆ ತುಂಬುವ ಸಿದ್ಧ ಕಡತ) ತಯಾರಾಗಲಿ, ಪೈ ಅದನ್ನು ಬೋರ್ಡಿಗೆ ತುಂಬಿದರೆ ಸಾಕು ಎಂದುಕೊಂಡೆ. ಆದರೆ ಯಾವ ಯಂತ್ರದಲ್ಲಿ ಏನು ಓಡಬೇಕೆಂದು ಹೇಳುವ ವರ್ಕ್‌ಫ್ಲೋ ಕಡತವನ್ನೇ ಯಾರಾದರೂ ತಿದ್ದಿ ಕಳುಹಿಸಿದರೆ? ಇಲ್ಲೇ ಸಿಕ್ಕಿಹಾಕಿಕೊಂಡಿದ್ದೇನೆ.

ರನ್ನರ್ ಅನ್ನು ಬೇರೊಂದು ಖಾಸಗಿ ರೆಪೊಗೆ ನೋಂದಾಯಿಸಿ, ಅಲ್ಲಿಂದ ಬೈನರಿಯನ್ನಷ್ಟೇ ತರಿಸಿಕೊಂಡರೆ ಈ ಅಪಾಯ ತಪ್ಪುತ್ತದೆಯೇ? ಹೀಗೆ ಮಾಡಿರುವವರು ಫಲಿತಾಂಶವನ್ನು ಮೂಲ ರೆಪೊಗೆ ಹೇಗೆ ತಲುಪಿಸುತ್ತೀರಿ?